ಬಳಸಿದ ಯಂತ್ರೋಪಕರಣಗಳ ನ್ಯಾಯೋಚಿತ ಬೆಲೆ: ನಿರ್ಧರಿಸುವ ಬಗೆ

ಸಣ್ಣ ಕೈಗಾರಿಕೆಗಳಲ್ಲಿ ಬಂಡವಾಳದ ಬಹುಪಾಲು ಯಂತ್ರಗಳಲ್ಲಿ ಅಡಗಿರುತ್ತದೆ. ಹೊಸದಾಗಿ ಉದ್ದಿಮೆ ಆರಂಭಿಸುವವರಿಗೆ ಎಲ್ಲ ಯಂತ್ರಗಳನ್ನೂ ಹೊಸದಾಗಿಯೇ ಕೊಳ್ಳುವಷ್ಟು ಹಣ ಇರುವುದಿಲ್ಲ. ಇನ್ನೊಂದೆಡೆ, ವಯಸ್ಸಾದ ಮಾಲೀಕರು ಕೆಲಸ ನಿಲ್ಲಿಸಿದಾಗ ಅಥವಾ ಮಾಲೀಕರು ತೀರಿಕೊಂಡು ಕುಟುಂಬದವರಿಗೆ ಕಾರ್ಯಾಗಾರ ನಡೆಸಲಾಗದೆ ಹೋದಾಗ, ದಶಕಗಳ ಕಾಲ ಜತನದಿಂದ ಕೂಡಿಸಿದ ಯಂತ್ರಗಳು ಮಾರಾಟಕ್ಕೆ ಬರುತ್ತವೆ. ಪೀಣ್ಯ, ರಾಜಾಜಿನಗರ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ಈ ಎರಡೂ ಬಗೆಯ ಜನರು ದಿನನಿತ್ಯ ಎದುರಾಗುತ್ತಾರೆ.

ಇಂತಹ ವ್ಯವಹಾರಗಳಲ್ಲಿ ಎರಡು ತಪ್ಪುಗಳು ಸಾಮಾನ್ಯ. ಬೆಲೆ ತಿಳಿಯದ ಮಾರಾಟಗಾರರು ಚೆನ್ನಾಗಿ ನಡೆಯುವ ಯಂತ್ರವನ್ನು ಗುಜರಿಯವರಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟುಬಿಡುತ್ತಾರೆ. ಬೆಲೆ ತಿಳಿಯದ ಖರೀದಿದಾರರು ಹೊಸ ಬಣ್ಣ ಬಳಿದ ಸವೆದ ಯಂತ್ರಕ್ಕೆ ಸಾಲ ಮಾಡಿ ಹಣ ಸುರಿಯುತ್ತಾರೆ. ಎರಡೂ ಸಂದರ್ಭಗಳಲ್ಲಿ ನಷ್ಟವಾಗುವುದು ಒಂದು ಕುಟುಂಬದ ಜೀವಮಾನದ ಗಳಿಕೆಗೆ. ಆದ್ದರಿಂದ ಬಳಸಿದ ಯಂತ್ರದ ಬೆಲೆಯನ್ನು ಊಹೆಯಿಂದಲ್ಲದೆ ಲೆಕ್ಕದಿಂದ ನಿರ್ಧರಿಸುವ ಕ್ರಮವನ್ನು ಉದ್ದಿಮೆದಾರರು ಅರಿತಿರುವುದು ಅಗತ್ಯ. ಈ ಲೇಖನದಲ್ಲಿ ಸಾಮಾನ್ಯ ಸೆಂಟರ್ ಲೇತ್ ಯಂತ್ರವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಆ ಕ್ರಮವನ್ನು ವಿವರಿಸಲಾಗಿದೆ.

1. ಒಂದೇ ಯಂತ್ರಕ್ಕೆ ಹಲವು ಬೆಲೆಗಳು

ಬಳಸಿದ ಯಂತ್ರಕ್ಕೆ ಒಂದೇ ಬೆಲೆ ಎಂಬುದಿಲ್ಲ. ಯಾರು ಯಾರಿಗೆ, ಯಾವ ಸ್ಥಿತಿಯಲ್ಲಿ ಮಾರುತ್ತಾರೆ ಎಂಬುದನ್ನು ಅವಲಂಬಿಸಿ ಕನಿಷ್ಠ ಐದು ಬೆಲೆಗಳನ್ನು ಗುರುತಿಸಬಹುದು.

(ಅ) ಗುಜರಿ ಬೆಲೆ: ಯಂತ್ರದ ತೂಕವನ್ನು ಎರಕದ ಕಬ್ಬಿಣದ ಅಂದಿನ ದರದಿಂದ ಗುಣಿಸಿದರೆ ಬರುವ ಮೊತ್ತ. ಇದು ಬೆಲೆಯ ತಳಮಟ್ಟ. ಇದಕ್ಕಿಂತ ಕಡಿಮೆಗೆ ಮಾರುವ ಪ್ರಮೇಯ ಯಾರಿಗೂ ಇಲ್ಲ.

(ಆ) ವ್ಯಾಪಾರಿಯ ಖರೀದಿ ಬೆಲೆ: ಹಳೆಯ ಯಂತ್ರಗಳ ವ್ಯಾಪಾರಿ ಕೊಡುವ ಬೆಲೆ. ಸಾಗಣೆ, ಗೋದಾಮಿನ ಬಾಡಿಗೆ, ಹೂಡಿದ ಹಣದ ಬಡ್ಡಿ, ಮಾರಾಟವಾಗದೆ ಉಳಿಯುವ ಅಪಾಯ ಮತ್ತು ಲಾಭ ಇವೆಲ್ಲವನ್ನೂ ಕಳೆದು ಆತ ಬೆಲೆ ಹೇಳುತ್ತಾನೆ. ಇದು ಕಡಿಮೆಯೆಂದು ಕಂಡರೂ ಅನ್ಯಾಯವೇನಲ್ಲ.

(ಇ) ಬಳಕೆದಾರರ ನಡುವಿನ ಬೆಲೆ: ಒಬ್ಬ ಉದ್ದಿಮೆದಾರ ಇನ್ನೊಬ್ಬ ಉದ್ದಿಮೆದಾರನಿಗೆ ನೇರವಾಗಿ ಮಾರುವ ಬೆಲೆ. ಮಾರುವವರಿಗೂ ಕೊಳ್ಳುವವರಿಗೂ ಹೆಚ್ಚು ಅನುಕೂಲವಾಗುವುದು ಇದರಲ್ಲಿಯೇ.

(ಈ) ಹರಾಜು ಬೆಲೆ: ಸಾಲ ವಸೂಲಾತಿಗಾಗಿ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕುಗಳು ನಡೆಸುವ ಅಥವಾ 2016ರ ದಿವಾಳಿ ಸಂಹಿತೆಯಡಿ ಸಮಾಪನಾಧಿಕಾರಿಗಳು ನಡೆಸುವ ಹರಾಜಿನಲ್ಲಿ ಬರುವ ಬೆಲೆ. ಇಲ್ಲಿ ಯಂತ್ರವನ್ನು 'ಇದ್ದಲ್ಲಿ, ಇದ್ದಂತೆ' ಎಂಬ ಷರತ್ತಿನ ಮೇಲೆ ಮಾರಲಾಗುತ್ತದೆ. ಬಹಳಷ್ಟು ಸಲ ವಿದ್ಯುತ್ ಸಂಪರ್ಕ ಕಡಿತವಾಗಿರುವುದರಿಂದ ನಡೆಸಿ ನೋಡುವ ಅವಕಾಶವೂ ಇರುವುದಿಲ್ಲ. ಆ ಅಪಾಯಕ್ಕೆ ತಕ್ಕಂತೆ ಬೆಲೆ ಕಡಿಮೆ ಇರತಕ್ಕದ್ದು.

(ಉ) ಪುಸ್ತಕ ಬೆಲೆ: ಲೆಕ್ಕಪತ್ರಗಳಲ್ಲಿ ಸವಕಳಿ ಕಳೆದು ಉಳಿದ ಮೊತ್ತ.

ಪುಸ್ತಕ ಬೆಲೆಯನ್ನೇ ಮಾರುಕಟ್ಟೆ ಬೆಲೆಯೆಂದು ತಿಳಿಯುವುದು ದೊಡ್ಡ ತಪ್ಪು. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರಗಳಿಗೆ ಉಳಿಕೆ ಮೌಲ್ಯದ ಮೇಲೆ ವರ್ಷಕ್ಕೆ ಶೇ. 15ರಂತೆ ಸವಕಳಿ ಕಳೆಯಲಾಗುತ್ತದೆ. ರೂ. 3,00,000/- ಕೊಟ್ಟು ಕೊಂಡ ಲೇತ್ ಯಂತ್ರದ ಪುಸ್ತಕ ಬೆಲೆ 12 ವರ್ಷಗಳ ನಂತರ ಸುಮಾರು ರೂ. 42,700/-ಕ್ಕೆ ಇಳಿಯುತ್ತದೆ. ಆ ಯಂತ್ರದ ತೂಕ 1,500 ಕಿಲೋ ಎಂದೂ, ಗುಜರಿ ದರ ಕಿಲೋಗೆ ರೂ. 35/- ಎಂದೂ ಇಟ್ಟುಕೊಂಡರೆ ಗುಜರಿ ಬೆಲೆಯೇ ರೂ. 52,500/- ಆಗುತ್ತದೆ. ಅಂದರೆ ಪುಸ್ತಕ ಬೆಲೆ ಗುಜರಿಗಿಂತಲೂ ಕಡಿಮೆ. ಸವಕಳಿಯು ತೆರಿಗೆಯ ಲೆಕ್ಕಾಚಾರಕ್ಕೆ ಸಂಬಂಧಿಸಿದ್ದು. ಯಂತ್ರದ ನಿಜವಾದ ಸವೆತಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ.

2. ಪರೀಕ್ಷೆ: ಅಗ್ಗದ ದೋಷ, ದುಬಾರಿ ದೋಷ

ಬೆಲೆ ನಿರ್ಧರಿಸುವ ಮೊದಲು ಯಂತ್ರದ ಸ್ಥಿತಿ ತಿಳಿಯಬೇಕು. ಹಳೆಯ ಯಂತ್ರದಲ್ಲಿ ದೋಷಗಳಿರುವುದು ಸಹಜ. ಆ ದೋಷಗಳನ್ನು ಸರಿಪಡಿಸಲು ಎಷ್ಟು ಖರ್ಚಾಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಹಿಡಿಕೆ ಮುರಿದಿರುವುದು, ಬೆಲ್ಟ್ ಸವೆದಿರುವುದು, ವೈರಿಂಗ್ ಹಾಳಾಗಿರುವುದು, ಕ್ರಾಸ್ ಸ್ಲೈಡ್ ಸ್ಕ್ರೂವಿನ ನಟ್ಟು ಸಡಿಲವಾಗಿರುವುದು ಇವು ಕಣ್ಣಿಗೆ ಎದ್ದು ಕಾಣುವ, ಆದರೆ ಅಗ್ಗದಲ್ಲಿ ಸರಿಹೋಗುವ ದೋಷಗಳು. ಬೆಡ್ಡಿನ ಸವೆತ, ಸ್ಪಿಂಡಲ್ ಬೇರಿಂಗಿನ ದೋಷ, ಹೆಡ್‌ಸ್ಟಾಕ್ ಗೇರುಗಳ ಹಲ್ಲು ಮುರಿತ, ಎರಕದ ಭಾಗದಲ್ಲಿ ಬಿರುಕು ಇವು ಸುಲಭವಾಗಿ ಕಾಣದ, ಆದರೆ ದುಬಾರಿಯಾದ ದೋಷಗಳು. ಅನುಭವವಿಲ್ಲದ ಖರೀದಿದಾರರು ಮೊದಲನೆಯವನ್ನು ತೋರಿಸಿ ಚೌಕಾಸಿ ಮಾಡುತ್ತಾರೆ, ಎರಡನೆಯವನ್ನು ಗಮನಿಸದೆ ಬರುತ್ತಾರೆ.

ಲೇತ್ ಯಂತ್ರದ ಪರೀಕ್ಷೆಯನ್ನು ಈ ಕೆಳಕಂಡ ಕ್ರಮದಲ್ಲಿ ಮಾಡಬಹುದು.

(1) ಬೆಡ್ಡಿನ ಸವೆತ: ಹೆಚ್ಚಿನ ಕೆಲಸ ಚಕ್ಕಿನ ಬಳಿಯೇ ನಡೆಯುವುದರಿಂದ ಬೆಡ್ಡು ಅಲ್ಲಿಯೇ ಹೆಚ್ಚು ಸವೆಯುತ್ತದೆ. ಕ್ಯಾರೇಜನ್ನು ಚಕ್ಕಿನ ಬಳಿ ತಂದು, ಅದರ ಲಾಕ್ ಬೋಲ್ಟನ್ನು ಸ್ವಲ್ಪ ಬಿಗಿ ಮಾಡಿ, ಟೇಲ್‌ಸ್ಟಾಕಿನ ಕಡೆಗೆ ಸಾಗಿಸಬೇಕು. ಹೋಗುತ್ತಾ ಹೋಗುತ್ತಾ ಕ್ಯಾರೇಜ್ ಬಿಗಿಯಾಗಿ ನಿಂತುಬಿಟ್ಟರೆ ಚಕ್ಕಿನ ಬಳಿ ಸವೆತವಿದೆ ಎಂದರ್ಥ. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಕಿಲ್ಲ.

(2) ಸ್ಪಿಂಡಲ್: ಚಕ್ಕನ್ನು ಬಿಚ್ಚಿಸಿ, ಸ್ಪಿಂಡಲ್ ಮೂತಿಯ ಒಳ ಇಳಿಜಾರಿಗೆ ಡಯಲ್ ಗೇಜ್ ಇಟ್ಟು ಕೈಯಿಂದ ತಿರುಗಿಸಿ ನೋಡಬೇಕು. ಬಳಿಕ ಸ್ಪಿಂಡಲ್ಲನ್ನು ಸನ್ನೆಕೋಲಿನಿಂದ ಮೆಲ್ಲಗೆ ಎತ್ತಿ ಆಟವಿದೆಯೇ ಎಂದು ನೋಡಬೇಕು. ಎಲ್ಲ ವೇಗಗಳಲ್ಲೂ ನಡೆಸಿ ಸದ್ದು ಕೇಳಬೇಕು. ಅರ್ಧ ಗಂಟೆ ನಡೆಸಿದ ಮೇಲೆ ಹೆಡ್‌ಸ್ಟಾಕ್ ಕೈಯಿಡಲಾಗದಷ್ಟು ಬಿಸಿಯಾದರೆ ಬೇರಿಂಗಿನಲ್ಲಿ ತೊಂದರೆಯಿದೆ ಎಂದು ತಿಳಿಯಬೇಕು.

(3) ಲೀಡ್ ಸ್ಕ್ರೂ: ಇದೂ ಚಕ್ಕಿನ ಬಳಿಯೇ ಹೆಚ್ಚು ಸವೆಯುತ್ತದೆ. ಎರಡೂ ತುದಿಗಳ ಎಳೆಗಳ ದಪ್ಪವನ್ನು ಹೋಲಿಸಿದರೆ ಗೊತ್ತಾಗುತ್ತದೆ. ಮರೆ ಕೊಯ್ಯುವ ಕೆಲಸವೇ ಇಲ್ಲದವರಿಗೆ ಈ ದೋಷ ಅಷ್ಟು ಮುಖ್ಯವಲ್ಲ.

(4) ಕೆಲಸದ ಪರೀಕ್ಷೆ: ಸುಮಾರು 50 ಮಿ.ಮೀ. ವ್ಯಾಸದ ಸರಳನ್ನು ಚಕ್ಕಿನಲ್ಲಿ ಹಿಡಿದು, ಟೇಲ್‌ಸ್ಟಾಕಿನ ಆಧಾರವಿಲ್ಲದೆ 150 ಮಿ.ಮೀ. ಉದ್ದಕ್ಕೆ ಹಗುರವಾಗಿ ಕೊಯ್ದು, ಎರಡೂ ತುದಿಗಳ ವ್ಯಾಸವನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ವ್ಯತ್ಯಾಸ 0.02 ಮಿ.ಮೀ. ಒಳಗಿದ್ದರೆ ಸಾಮಾನ್ಯ ಕೆಲಸಕ್ಕೆ ಯಂತ್ರ ಯೋಗ್ಯ. ಹೆಚ್ಚಿದ್ದರೆ ಕೂಡಲೇ ತಿರಸ್ಕರಿಸಬೇಕಾಗಿಲ್ಲ. ಯಂತ್ರ ಮಟ್ಟವಾಗಿ ಕೂತಿರದಿದ್ದರೂ ಬೆಡ್ಡು ತಿರುಚಿಕೊಂಡು ಇದೇ ದೋಷ ತೋರುತ್ತದೆ. ಮೊದಲು ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿಸಿ, ಇನ್ನೊಮ್ಮೆ ಕೊಯ್ದು ನೋಡಬೇಕು.

ಯಂತ್ರಗಳ ನಿಖರತೆಯ ಪರೀಕ್ಷೆಯನ್ನು ಕ್ರಮಬದ್ಧಗೊಳಿಸಿದವರಲ್ಲಿ ಜರ್ಮನಿಯ ಪ್ರೊಫೆಸರ್ ಗೇಯೋರ್ಗ್ ಷ್ಲೆಸಿಂಜರ್ ಪ್ರಮುಖರು. ಇಂದು ಬಳಕೆಯಲ್ಲಿರುವ ಐಎಸ್‌ಒ 230 ಮಾನಕ ಸರಣಿಯು ಆ ಪರಂಪರೆಯ ಮುಂದುವರಿಕೆ. ದೊಡ್ಡ ಮೊತ್ತದ ಖರೀದಿಯಲ್ಲಿ ಈ ಮಾನಕದಂತೆ ಪರೀಕ್ಷಾ ವರದಿ ಪಡೆಯುವುದು ಒಳ್ಳೆಯದು.

ಹೊಸದಾಗಿ ಬಣ್ಣ ಬಳಿದ ಯಂತ್ರವನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಎಣ್ಣೆ, ಜಿಡ್ಡು ಮೆತ್ತಿಕೊಂಡು ಇಂದಿಗೂ ಕೆಲಸದಲ್ಲಿರುವ ಯಂತ್ರವು, ಮೂಲೆಯಲ್ಲಿ ಬಣ್ಣ ಬಳಿದು ನಿಲ್ಲಿಸಿದ ಯಂತ್ರಕ್ಕಿಂತ ಬಹಳ ಸಲ ಮೇಲು.

3. ಹೆಸರು, ಬಿಡಿಭಾಗ ಮತ್ತು ಜೊತೆ ಸಾಮಗ್ರಿ

ಕರ್ನಾಟಕದಲ್ಲಿ ಯಂತ್ರೋಪಕರಣ ತಯಾರಿಕೆಗೆ ದೀರ್ಘ ಇತಿಹಾಸವಿದೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿಯೂ ತಯಾರಿಸಿದ ಲೇತ್‌ಗಳು ಇಂದಿಗೂ ಅನೇಕ ಕಾರ್ಯಾಗಾರಗಳಲ್ಲಿ ದುಡಿಯುತ್ತಿವೆ. ಇಂತಹ ಹೆಸರಾಂತ ಯಂತ್ರಗಳಿಗೆ ಹೆಚ್ಚು ಬೆಲೆ ಇರುವುದಕ್ಕೆ ಕಾರಣವಿದೆ: ಎರಕ ಭಾರವಾಗಿರುತ್ತದೆ, ದುರಸ್ತಿ ಬಲ್ಲ ಕುಶಲಕರ್ಮಿಗಳು ಸಿಗುತ್ತಾರೆ, ಮುಂದೆ ಮಾರುವಾಗಲೂ ಗಿರಾಕಿ ಸಿಗುತ್ತಾನೆ. ಆದರೆ ಹೆಸರಿಗೆ ಮಾತ್ರ ಹಣ ಕೊಡಬಾರದು. ಬೆಡ್ಡು ಸವೆದ ಹೆಸರಾಂತ ಯಂತ್ರಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿರುವ ಸಾಧಾರಣ ಯಂತ್ರವೇ ಉತ್ತಮ.

ಜೊತೆ ಸಾಮಗ್ರಿಗಳನ್ನು ಎಣಿಸಿ ನೋಡುವುದು ಅತ್ಯಗತ್ಯ. ಮೂರು ದವಡೆಯ ಚಕ್ಕು, ನಾಲ್ಕು ದವಡೆಯ ಚಕ್ಕು, ಫೇಸ್ ಪ್ಲೇಟ್, ಸ್ಟೆಡಿ, ಬದಲಿ ಗೇರುಗಳ ಪೂರ್ಣ ಜೊತೆ, ಟೂಲ್ ಪೋಸ್ಟ್ ಇವೆಲ್ಲ ಇದ್ದರೆ ಯಂತ್ರದ ಬೆಲೆ ಹೆಚ್ಚು. ಇಲ್ಲದಿದ್ದರೆ ಅವನ್ನು ಬೇರೆಯಾಗಿ ಕೊಳ್ಳುವ ಖರ್ಚನ್ನು ಬೆಲೆಯಿಂದ ಕಳೆಯಬೇಕು. ಮಾರುವವರೂ ಇವನ್ನು ಹುಡುಕಿ ಒಟ್ಟುಗೂಡಿಸಿದ ಮೇಲೆಯೇ ಗಿರಾಕಿಯನ್ನು ಕರೆಯುವುದು ಲೇಸು. ಶೆಡ್ಡಿನ ಮೂಲೆಯಲ್ಲಿ ಬಿದ್ದ ಬದಲಿ ಗೇರುಗಳು ಗುಜರಿಗೆ ಹೋದರೆ ನೂರಾರು ರೂಪಾಯಿ, ಯಂತ್ರದ ಜೊತೆಗೆ ಹೋದರೆ ಸಾವಿರಾರು ರೂಪಾಯಿ.

ಸಿಎನ್‌ಸಿ ಯಂತ್ರಗಳಲ್ಲಿ ಲೆಕ್ಕ ಬೇರೆ. ಯಂತ್ರದ ಕಬ್ಬಿಣ ಗಟ್ಟಿಯಾಗಿದ್ದರೂ ಅದರ ಕಂಟ್ರೋಲ್ ಹಳೆಯದಾಗಿ ಬೋರ್ಡುಗಳು ಸಿಗದಂತಾದರೆ ಯಂತ್ರ ನಿರುಪಯುಕ್ತ. ಕಂಟ್ರೋಲಿನ ಮಾದರಿಗೆ ಬಿಡಿಭಾಗ ಮತ್ತು ಸೇವೆ ದೊರೆಯುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಯಂತ್ರದ ಪ್ಯಾರಾಮೀಟರುಗಳ ಪ್ರತಿಯನ್ನು ಪಡೆಯಬೇಕು. ಮೆಮೊರಿ ಬ್ಯಾಟರಿ ಸತ್ತು ಅವು ಅಳಿಸಿಹೋದರೆ ಯಂತ್ರವನ್ನು ಮತ್ತೆ ನಡೆಸುವುದು ಕಷ್ಟಕರ. ಬಾಲ್ ಸ್ಕ್ರೂಗಳ ಹಿನ್ನಡೆಯನ್ನು ಡಯಲ್ ಗೇಜಿನಿಂದ ಅಳೆಯಬೇಕು.

4. ಬೆಲೆಯ ಲೆಕ್ಕ: ಒಂದು ಉದಾಹರಣೆ

ಇಲ್ಲಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು. ಪ್ರತಿಯೊಬ್ಬರೂ ತಮ್ಮ ಊರಿನ ದರಗಳನ್ನು ಹಾಕಿಕೊಂಡು ಲೆಕ್ಕ ಮಾಡಬೇಕು. ಜಿಎಸ್‌ಟಿಯನ್ನು ಇಲ್ಲಿ ಸೇರಿಸಿಲ್ಲ.

ಮೊದಲನೆಯದಾಗಿ, ಇಂದು ಅದೇ ಸಾಮರ್ಥ್ಯದ ಹೊಸ ಲೇತ್ ಕಾರ್ಖಾನೆಗೆ ಬಂದು ಸ್ಥಾಪನೆಯಾಗುವ ವೇಳೆಗೆ ರೂ. 6,00,000/- ಆಗುತ್ತದೆ ಎಂದಿಟ್ಟುಕೊಳ್ಳೋಣ. ಮಾರುವವರು ಹನ್ನೆರಡು ವರ್ಷಗಳ ಹಿಂದೆ ಕೊಟ್ಟ ಬೆಲೆ ಇಲ್ಲಿ ಅಪ್ರಸ್ತುತ. ಹೊಸ ಯಂತ್ರದ ಉಪಯುಕ್ತ ಆಯುಷ್ಯ 15 ವರ್ಷವೆಂದೂ (2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯೂ ಸಾಮಾನ್ಯ ಯಂತ್ರಗಳಿಗೆ ಇದೇ ಅವಧಿಯನ್ನು ಹೇಳುತ್ತದೆ), ದುರಸ್ತಿಯ ನಂತರ ಹಳೆಯ ಯಂತ್ರ ಇನ್ನು 9 ವರ್ಷ ದುಡಿಯುತ್ತದೆ ಎಂದೂ ಅಂದಾಜಿಸಿದರೆ:

ದುರಸ್ತಿಯಾದ ಯಂತ್ರದ ಮೌಲ್ಯ (6,00,000 × 9/15): ರೂ. 3,60,000/-
ಕಳೆಯಿರಿ: ಬೆಡ್ ಗ್ರೈಂಡಿಂಗ್ ಮತ್ತು ಸ್ಕ್ರೇಪಿಂಗ್: ರೂ. 60,000/-
ಕಳೆಯಿರಿ: ಹೊಸ ಚಕ್ಕು: ರೂ. 15,000/-
ಕಳೆಯಿರಿ: ವಿದ್ಯುತ್ ಕೆಲಸ: ರೂ. 10,000/-
ಕಳೆಯಿರಿ: ಕ್ರೇನ್, ಲಾರಿ, ಹಮಾಲಿ: ರೂ. 20,000/-
ಕಳೆಯಿರಿ: ತಳಪಾಯ ಮತ್ತು ಮಟ್ಟ ಮಾಡುವಿಕೆ: ರೂ. 10,000/-
ಕಳೆಯಿರಿ: ಖಾತರಿ ಇಲ್ಲದಿರುವ ಅಪಾಯಕ್ಕೆ ಮೌಲ್ಯದ ಶೇ. 10: ರೂ. 36,000/-
ಉಳಿಕೆ: ರೂ. 2,09,000/-

ಇದು ಖರೀದಿದಾರರ ಗರಿಷ್ಠ ಮಿತಿ. ಇದನ್ನು ಮೀರಿದರೆ ಹೊಸ ಯಂತ್ರವನ್ನೇ ಆಲೋಚಿಸುವುದು ಲೇಸು.

ಇನ್ನು ಮಾರುವವರ ಕನಿಷ್ಠ ಮಿತಿ. ಅದೇ ಯಂತ್ರವನ್ನು ವ್ಯಾಪಾರಿ ಕೊಂಡರೆ, ಕೊನೆಗೆ ಆತನೂ ಬಳಕೆದಾರನಿಗೆ ರೂ. 2,09,000/-ರ ಆಸುಪಾಸಿನಲ್ಲಿಯೇ ಮಾರಬೇಕು. ತನ್ನ ಗೋದಾಮಿಗೆ ಸಾಗಿಸಲು ರೂ. 20,000/-, ಬಾಡಿಗೆ, ಬಡ್ಡಿ ಮತ್ತು ಲಾಭಕ್ಕೆ ರೂ. 40,000/- ಕಳೆದರೆ ಆತ ಕೊಡಬಹುದಾದದ್ದು ರೂ. 1,49,000/-. ಆದ್ದರಿಂದ ನೇರ ಮಾರಾಟದಲ್ಲಿ ನ್ಯಾಯೋಚಿತ ಬೆಲೆ ಈ ಎರಡು ಮಿತಿಗಳ ನಡುವೆ, ಅಂದರೆ ರೂ. 1,49,000/-ದಿಂದ ರೂ. 2,09,000/-ದ ಒಳಗೆ ಇರಬೇಕು. ಮಧ್ಯದ ಮೊತ್ತ ರೂ. 1,79,000/-. ಇದರಿಂದ ಇಬ್ಬರಿಗೂ ತಲಾ ರೂ. 30,000/- ಅನುಕೂಲ. ಯಂತ್ರವನ್ನು ಗುಜರಿಗೆ ಹಾಕಿದ್ದರೆ ಮಾರುವವರಿಗೆ ರೂ. 1,26,500/- ನಷ್ಟವಾಗುತ್ತಿತ್ತು ಎಂಬುದನ್ನೂ ಗಮನಿಸಬೇಕು.

ಬೆಲೆ ನ್ಯಾಯೋಚಿತವಾದ ಮಾತ್ರಕ್ಕೆ ಖರೀದಿ ಸರಿಯೆಂದಾಗದು. ಆ ಯಂತ್ರಕ್ಕೆ ಕೆಲಸವಿದೆಯೇ ಎಂಬುದು ಕೊನೆಯ ಪರೀಕ್ಷೆ. ಬೆಲೆ ಮತ್ತು ದುರಸ್ತಿ, ಸಾಗಣೆ ಸೇರಿ ಒಟ್ಟು ಹೂಡಿಕೆ ರೂ. 2,94,000/-. ಕೂಲಿ, ವಿದ್ಯುತ್, ಬಾಡಿಗೆ ಕಳೆದು ಗಂಟೆಗೆ ರೂ. 60/- ಉಳಿಯುತ್ತದೆ ಎಂದಾದರೆ, ವರ್ಷಕ್ಕೆ 1,500 ಗಂಟೆ ಕೆಲಸವಿದ್ದಲ್ಲಿ ಹಣ ಮೂರೂಕಾಲು ವರ್ಷದಲ್ಲಿ ಮರಳುತ್ತದೆ. ವರ್ಷಕ್ಕೆ 500 ಗಂಟೆ ಮಾತ್ರ ಕೆಲಸವಿದ್ದರೆ ಒಂಬತ್ತೂಮುಕ್ಕಾಲು ವರ್ಷ ಬೇಕಾಗುತ್ತದೆ. ಯಂತ್ರದ ಆಯುಷ್ಯವೇ ಅದಕ್ಕಿಂತ ಕಡಿಮೆ. ಅಂತಹವರು ಆ ಕೆಲಸವನ್ನು ಹೊರಗೆ ಮಾಡಿಸುವುದು ಲಾಭದಾಯಕ.

5. ಸಣ್ಣ ಉಪಕರಣಗಳು

ಯಂತ್ರಗಳ ಜೊತೆಗೆ ಡ್ರಿಲ್, ಟ್ಯಾಪ್, ರೀಮರ್, ಮೈಕ್ರೋಮೀಟರ್, ವೈಸ್ ಮುಂತಾದವು ಪೆಟ್ಟಿಗೆಗಟ್ಟಲೆ ಮಾರಾಟಕ್ಕೆ ಬರುತ್ತವೆ. ಇವನ್ನು 'ಒಟ್ಟು ಇಷ್ಟು' ಎಂದು ಮಾರಿದರೆ ಮಾರುವವರಿಗೆ ನಷ್ಟ. ಮೂರು ಭಾಗ ಮಾಡಿ ಬೆಲೆ ಕಟ್ಟಬೇಕು.

ಕೊಯ್ಯುವ ಉಪಕರಣಗಳು: ಹೈ ಸ್ಪೀಡ್ ಸ್ಟೀಲ್ ಮತ್ತು ಸಾಮಾನ್ಯ ಕಾರ್ಬನ್ ಸ್ಟೀಲ್ ಉಪಕರಣಗಳ ಬೆಲೆಯಲ್ಲಿ ಬಹಳ ಅಂತರವಿದೆ. ಗುರುತು ಅಳಿಸಿದ್ದರೆ ಗ್ರೈಂಡರಿಗೆ ಹಿಡಿದು ಕಿಡಿಗಳನ್ನು ನೋಡಬೇಕು. ಕಾರ್ಬನ್ ಸ್ಟೀಲಿನ ಕಿಡಿಗಳು ಬೆಳ್ಳಗೆ ಹೊಳೆದು ಹೂವಿನಂತೆ ಸಿಡಿಯುತ್ತವೆ. ಹೈ ಸ್ಪೀಡ್ ಸ್ಟೀಲಿನವು ಮಂಕು ಕೆಂಪು ಬಣ್ಣದವು, ಸಿಡಿಯುವುದು ಕಡಿಮೆ. ಅರ್ಧ ಸವೆದ ಡ್ರಿಲ್ಲಿನ ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ; ಏಕೆಂದರೆ ಡ್ರಿಲ್ಲಿನ ನಡುಭಾಗ ಹಿಡಿಯ ಕಡೆಗೆ ದಪ್ಪವಾಗುತ್ತಾ ಹೋಗುವುದರಿಂದ ಮೊಟಕಾದಷ್ಟೂ ಕೊಯ್ಯುವುದು ಕಷ್ಟ. ಸವೆದ ಕಾರ್ಬೈಡ್ ತುಣುಕುಗಳನ್ನು ಕಬ್ಬಿಣದ ಗುಜರಿಯೊಂದಿಗೆ ಬೆರೆಸಬಾರದು. ಅವುಗಳಲ್ಲಿ ಟಂಗ್‌ಸ್ಟನ್ ಇರುವುದರಿಂದ ಪ್ರತ್ಯೇಕ, ಹೆಚ್ಚಿನ ದರವಿದೆ.

ಅಳತೆಯ ಉಪಕರಣಗಳು: ಸೊನ್ನೆ ಸರಿಯಿದ್ದರೆ ಸಾಲದು. ಸ್ಲಿಪ್ ಗೇಜ್ ಇಟ್ಟು ನಡುವಿನ ಅಳತೆಗಳಲ್ಲೂ ಪರೀಕ್ಷಿಸಬೇಕು. ಗ್ರಾಹಕರಿಗೆ ತಪಾಸಣಾ ವರದಿ ಕೊಡಬೇಕಾದವರು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ಕ್ಯಾಲಿಬ್ರೇಷನ್ ಖರ್ಚನ್ನು ಬೆಲೆಯಿಂದ ಕಳೆಯಬೇಕು.

ಅಪಾಯಕಾರಿ ಸಾಧನಗಳು: ಕಂಪ್ರೆಸರಿನ ಗಾಳಿ ತೊಟ್ಟಿಗೆ ಒತ್ತಡ ಪರೀಕ್ಷೆಯ ಪತ್ರವಿಲ್ಲದಿದ್ದರೆ, ಪವರ್ ಪ್ರೆಸ್ಸಿಗೆ ರಕ್ಷಣಾ ಕವಚವಿಲ್ಲದಿದ್ದರೆ, ಅವನ್ನು ಒದಗಿಸುವ ಖರ್ಚನ್ನು ಕಡ್ಡಾಯವಾಗಿ ಲೆಕ್ಕ ಹಿಡಿಯಬೇಕು. ಅಗ್ಗವಾಗಿ ಸಿಕ್ಕಿತೆಂದು ಹಾಗೆಯೇ ನಡೆಸಿದರೆ ಕಾರ್ಮಿಕನ ಕೈ ಹೋದೀತು.

6. ಒಡೆತನ ಮತ್ತು ದಾಖಲೆ

ಬೆಲೆ ಎಷ್ಟೇ ಸರಿಯಿದ್ದರೂ ಒಡೆತನ ಸರಿಯಿಲ್ಲದ ಯಂತ್ರದ ಬೆಲೆ ಸೊನ್ನೆ. ಸಣ್ಣ ಉದ್ದಿಮೆಗಳ ಯಂತ್ರಗಳು ಬಹುತೇಕ ಬ್ಯಾಂಕಿಗೆ ಹೈಪಾಥಿಕೇಷನ್ ಆಗಿರುತ್ತವೆ. ಬ್ಯಾಂಕಿನ ಒಪ್ಪಿಗೆಯಿಲ್ಲದೆ ಕೊಂಡರೆ ಯಂತ್ರವನ್ನೂ ಹಣವನ್ನೂ ಕಳೆದುಕೊಳ್ಳುವ ಅಪಾಯವಿದೆ. ತನಗಿಲ್ಲದ ಹಕ್ಕನ್ನು ಮಾರುವವನು ಇನ್ನೊಬ್ಬರಿಗೆ ಕೊಡಲಾರ ಎಂಬುದು 1930ರ ಸರಕು ಮಾರಾಟ ಕಾಯ್ದೆಯ ಮೂಲ ನಿಯಮ. ಮಾರುವವರು ಕಂಪನಿಯಾಗಿದ್ದಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಯಲ್ಲಿ ಋಣಭಾರವನ್ನೂ, ಇತರರಿಗೆ ಸರ್ಸಾಯ್ ಕೇಂದ್ರ ನೋಂದಣಿಯಲ್ಲಿನ ವಿವರವನ್ನೂ ಪರಿಶೀಲಿಸಿ, ಬ್ಯಾಂಕಿನ ನಿರಾಕ್ಷೇಪಣಾ ಪತ್ರವನ್ನು ಪಡೆಯತಕ್ಕದ್ದು. ತೀರಿಕೊಂಡವರ ಯಂತ್ರವಾದರೆ ವಾರಸುದಾರರೆಲ್ಲರ ಸಹಿ ಇರಬೇಕು.

ತೆರಿಗೆಯ ವಿಷಯದಲ್ಲಿ ಮೂರು ಅಂಶಗಳನ್ನು ನೆನಪಿಡಬೇಕು. ಒಂದು, ನೋಂದಾಯಿತ ಮಾರಾಟಗಾರರು ಹಿಂದೆ ಹೂಡುವಳಿ ತೆರಿಗೆ ಜಮೆ ಪಡೆದ ಯಂತ್ರವನ್ನು ಮಾರುವಾಗ, ಪ್ರತಿ ತ್ರೈಮಾಸಿಕಕ್ಕೆ ಅಥವಾ ಅದರ ಭಾಗಕ್ಕೆ ಶೇ. 5 ಅಂಶಗಳಂತೆ ಕಳೆದು ಉಳಿದ ಜಮೆ ಅಥವಾ ಮಾರಾಟ ಬೆಲೆಯ ಮೇಲಿನ ತೆರಿಗೆ, ಇವುಗಳಲ್ಲಿ ಹೆಚ್ಚಿನದನ್ನು ಕಟ್ಟಬೇಕು. ರೂ. 90,000/- ಜಮೆ ಪಡೆದ ಯಂತ್ರವನ್ನು ಮೂರು ವರ್ಷ ಎರಡು ತಿಂಗಳ ನಂತರ ರೂ. 2,00,000/-ಕ್ಕೆ ಮಾರಿದರೆ, ಉಳಿದ ಜಮೆ ಶೇ. 35, ಅಂದರೆ ರೂ. 31,500/-, ಶೇ. 18ರ ತೆರಿಗೆ ರೂ. 36,000/-. ಕಟ್ಟಬೇಕಾದದ್ದು ರೂ. 36,000/-. ಎರಡು, ತೆರಿಗೆ ಬಿಲ್ ಇದ್ದರೆ ಮಾತ್ರ ಖರೀದಿದಾರರಿಗೆ ಆ ಜಮೆ ದೊರೆಯುತ್ತದೆ. ಹೀಗಾಗಿ 'ಬಿಲ್ ಇಲ್ಲದ' ಅಗ್ಗದ ಬೆಲೆ ನಿಜಕ್ಕೂ ಅಗ್ಗವೇ ಎಂದು ಲೆಕ್ಕ ಹಾಕಬೇಕು. ಮೂರು, ಒಬ್ಬರಿಗೆ ಒಂದು ದಿನದಲ್ಲಿ ರೂ. 10,000/- ಮೀರಿ ನಗದಾಗಿ ಕೊಟ್ಟ ಮೊತ್ತವು ಯಂತ್ರದ ವೆಚ್ಚದಲ್ಲಿ ಸೇರುವುದಿಲ್ಲವಾದ್ದರಿಂದ ಅದರ ಮೇಲೆ ಸವಕಳಿ ಸಿಗುವುದಿಲ್ಲ. ಪಾವತಿ ಬ್ಯಾಂಕಿನ ಮೂಲಕವೇ ಆಗಲಿ. ಮೌಲ್ಯ ರೂ. 50,000/- ಮೀರಿದಲ್ಲಿ ಸಾಗಣೆಗೆ ಇ-ವೇ ಬಿಲ್ ಪಡೆಯುವುದನ್ನೂ ಮರೆಯಬಾರದು.

ಬ್ಯಾಂಕ್ ಸಾಲ, ಪಾಲುದಾರಿಕೆಯ ವಿಭಜನೆ, ವ್ಯಾಜ್ಯ ಮುಂತಾದ ಸಂದರ್ಭಗಳಲ್ಲಿ ಯಂತ್ರಗಳ ವಿಭಾಗದಲ್ಲಿ ನೋಂದಾಯಿತರಾದ ಮೌಲ್ಯಮಾಪಕರ ವರದಿ ಪಡೆಯುವುದು ಸೂಕ್ತ. ಇವರ ನೋಂದಣಿಗೆ 2017ರ ನಿಯಮಗಳಿವೆ.

7. ಉಪಸಂಹಾರ

ಸಾರಾಂಶವಾಗಿ ಹೇಳುವುದಾದರೆ, ಮಾರುವವರು ಗುಜರಿಯವರನ್ನು ಕರೆಯುವ ಮೊದಲು ಯಂತ್ರಗಳ ಮಾದರಿ, ವರ್ಷ, ತೂಕ, ಜೊತೆ ಸಾಮಗ್ರಿಗಳ ಪಟ್ಟಿ ಮಾಡಬೇಕು. ಯಂತ್ರವು ವಿದ್ಯುತ್ ಸಂಪರ್ಕದಲ್ಲಿರುವಾಗಲೇ, ಅಂದರೆ ನಡೆಸಿ ತೋರಿಸಲು ಸಾಧ್ಯವಿರುವಾಗಲೇ ಮಾರಬೇಕು. ಕನಿಷ್ಠ ಮೂವರಿಂದ ಬೆಲೆ ಕೇಳಬೇಕು. ತಿಳಿದಿರುವ ದೋಷವನ್ನು ಮುಚ್ಚಿಡದೆ ಹೇಳಬೇಕು. ಕೊಳ್ಳುವವರು ತಮ್ಮ ಕೆಲಸದ ಸರಳನ್ನೇ ಒಯ್ದು ಕೊಯ್ದು ನೋಡಬೇಕು. ಗರಿಷ್ಠ ಮಿತಿಯನ್ನು ಮನೆಯಲ್ಲಿಯೇ ಬರೆದುಕೊಂಡು ಹೋಗಬೇಕು. ಮುಂಗಡ ಕೊಡುವ ಮೊದಲು ದಾಖಲೆ ನೋಡಬೇಕು.

ಕೈಗಾರಿಕಾ ಪ್ರದೇಶಗಳಲ್ಲಿ ಮಾರುವವರೂ ಕೊಳ್ಳುವವರೂ ಮುಂದೆಯೂ ಒಬ್ಬರಿಗೊಬ್ಬರು ಬೇಕಾದವರೇ. ಒಂದು ಯಂತ್ರದಲ್ಲಿ ಗಳಿಸಿದ ಅತಿ ಲಾಭಕ್ಕಿಂತ, ಲೆಕ್ಕ ತೋರಿಸಿ ಒಪ್ಪಿಸಿದ ಬೆಲೆಯಿಂದ ಉಳಿಯುವ ವಿಶ್ವಾಸವೇ ವ್ಯಾಪಾರದಲ್ಲಿ ಹೆಚ್ಚು ಕಾಲ ಬಾಳುತ್ತದೆ.